ಕತೆ ಯಾವ ತಾರೀಖಿನಿಂದ ಶುರುವಾಗುತ್ತದೆ?

“ಒಂದೇ ಗುಂಪನ್ನು ಒಬ್ಬರು ಭಯೋತ್ಪಾದಕರು ಅಂತಾರೆ, ಇನ್ನೊಬ್ಬರು ಹೋರಾಟಗಾರರು ಅಂತಾರೆ. ಯಾರನ್ನು ನಂಬೋದು?” ವಿದೇಶಿ ರಾಜಕೀಯದ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹೆಸರಿನ ಜಗಳ ಆಮೇಲಿರಲಿ. ಕತೆ ಯಾವ ದಿನದಿಂದ ಶುರುವಾಗಿದೆ, ಅದರಲ್ಲಿ ಹೆಸರು, ಮುಖ ಇರುವುದು ಯಾರಿಗೆ ಎಂಬುದನ್ನು ಮೊದಲು ನೋಡಿ ಎನ್ನುವುದು ನನ್ನ ಉತ್ತರ. ಉತ್ತರ ಐರ್ಲೆಂಡಿನ ಐಆರ್‌ಎಯನ್ನೇ (ಐರಿಷ್ ರಿಪಬ್ಲಿಕನ್ ಆರ್ಮಿ) ತೆಗೆದುಕೊಳ್ಳಿ. ಬ್ರಿಟನ್ ಆಳ್ವಿಕೆಯಲ್ಲಿರುವ ಆ ಪ್ರದೇಶವನ್ನು ಐರ್ಲೆಂಡಿಗೆ ಸೇರಿಸಬೇಕೆಂದು ಬಂದೂಕು ಹಿಡಿದ ಗುಂಪು ಅದು. ಸುಮಾರು 30 ವರ್ಷದ ಆ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

1972ರ ಜನವರಿ 30ರಂದು ಡೆರಿ ನಗರದಲ್ಲಿ ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕುಗಳ ಮೆರವಣಿಗೆಗೆ ಬಂದವರ ಮೇಲೆ ಗುಂಡು ಹಾರಿಸಿದರು. ಅಂದೇ 13 ಮಂದಿ ಸತ್ತರು. ಅದೇ ವರ್ಷ ಜುಲೈ 21ರಂದು ಬೆಲ್‌ಫಾಸ್ಟ್‌ನಲ್ಲಿ ಐಆರ್‌ಎ ಒಂದೂವರೆ ಗಂಟೆಯೊಳಗೆ ಸುಮಾರು 20 ಬಾಂಬ್ ಸಿಡಿಸಿ 9 ಜನರನ್ನು ಕೊಂದಿತು. ಜನವರಿಯಿಂದ ಕತೆ ಹೇಳಿದರೆ ಐಆರ್‌ಎ ಸೇಡು ತೀರಿಸಿಕೊಳ್ಳುವ ಪಡೆ, ಜುಲೈಯಿಂದ ಹೇಳಿದರೆ ಕೊಲೆಗಡುಕರ ಗುಂಪು. ಎರಡರಲ್ಲೂ ಸುಳ್ಳಿನ ಅಗತ್ಯವೇ ಇಲ್ಲ. ಸರ್ಕಾರದ ಕಡೆ ಮಾತ್ರ ಸುಳ್ಳೂ ಸೇರಿಕೊಂಡಿತು: ಡೆರಿ ಗುಂಡಿನ ದಾಳಿಯ ಬಗ್ಗೆ ಏಪ್ರಿಲ್‌ನಲ್ಲಿ ಬಂದ ನ್ಯಾಯಾಧೀಶ ವಿಡ್ಜರಿಯ ತನಿಖಾ ವರದಿ ಸೈನಿಕರನ್ನು ಬಹುಮಟ್ಟಿಗೆ ಸಮರ್ಥಿಸಿತು. ಅದನ್ನು ಸರಿಪಡಿಸಿ ಪ್ರಧಾನಿ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಲು 2010 ಬರಬೇಕಾಯಿತು. ಅಷ್ಟು ವರ್ಷ ಐಆರ್‌ಎಗೆ ಆ ವರದಿಗಿಂತ ಒಳ್ಳೆಯ ಪ್ರಚಾರಕ ಬೇಕಿರಲಿಲ್ಲ.

ಕತೆ ಕಟ್ಟುವ ಈ ಕಸುಬು ಹತ್ತಿರದಿಂದ ಕಾಣುವುದು ಜೈಲಿನಲ್ಲಿ. 1976ರ ಮಾರ್ಚ್ 1ರಿಂದಾಚೆಗಿನ ಅಪರಾಧಗಳಿಗೆ ಶಿಕ್ಷೆಯಾದ ಐಆರ್‌ಎಯಂಥ ಗುಂಪುಗಳವರಿಗೆ ರಾಜಕೀಯ ಕೈದಿಗಳಂಥ ವಿಶೇಷ ಸ್ಥಾನಮಾನ ಇಲ್ಲ, ಅವರು ಮಾಮೂಲಿ ಕೈದಿಗಳು ಎಂದು ಸರ್ಕಾರ ಸಾರಿತು. ಆ ಕತೆ ನಿಲ್ಲಬೇಕಾದರೆ ಅವರು ಕೈದಿ ಬಟ್ಟೆ ತೊಡಬೇಕು. ಅವರು ತೊಡಲಿಲ್ಲ, ಕಂಬಳಿ ಸುತ್ತಿಕೊಂಡು ಕೂತರು. ಆ ಸ್ಥಾನಮಾನಕ್ಕಾಗಿ 1980ರಲ್ಲಿ ಏಳು ಮಂದಿ ಒಟ್ಟಿಗೆ ಉಪವಾಸ ಕೂತರು. ಎಲ್ಲರೂ ಒಂದೇ ದಿನ ಶುರು ಮಾಡಿದ್ದರಿಂದ, ಒಬ್ಬ ಸಾಯುವ ಹಂತ ತಲುಪಿದಾಗ ಮಿಕ್ಕವರೂ ಆಗಲೇ ತೀರ್ಮಾನಿಸಬೇಕಾಯಿತು. 53ನೇ ದಿನ ಉಪವಾಸ ನಿಂತುಹೋಯಿತು, ಕೈಗೇನೂ ಸಿಗಲಿಲ್ಲ. 1981ರ ಮಾರ್ಚ್ 1ರಂದು ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಒಬ್ಬನೇ ಶುರು ಮಾಡಿದ. ಮಿಕ್ಕವರು ದಿನಗಳ ಅಂತರ ಬಿಟ್ಟು ಸೇರಿಕೊಂಡರು. ಸಾವುಗಳೂ ಒಂದರ ಹಿಂದೊಂದು ಬಂದವು, ಪ್ರತಿ ಸಲ ಹೊಸ ಸುದ್ದಿ, ಹೊಸ ಶವಯಾತ್ರೆ. ನಡುವೆ ಏಪ್ರಿಲ್ 9ರ ಉಪಚುನಾವಣೆಯಲ್ಲಿ ಸ್ಯಾಂಡ್ಸ್ 30,492 ಮತ ಪಡೆದು ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ. 66ನೇ ದಿನ, ಮೇ 5ರಂದು ಸತ್ತ. ಅಕ್ಟೋಬರ್ 3ಕ್ಕೆ ಎಲ್ಲ ಮುಗಿಯುವಾಗ ಸತ್ತವರು ಹತ್ತು. ಅಪರಾಧ ಅಪರಾಧವೇ ಎಂಬ ಆಗಿನ ಪ್ರಧಾನಿ ಥ್ಯಾಚರ್ ವಾದ ಕಾನೂನಿಗೆ ಸರಿಯಿದ್ದಿರಬಹುದು. ಆದರೆ ಉದ್ದ ಕೂದಲಿನ, ನಗುಮುಖದ ಸ್ಯಾಂಡ್ಸ್‌ನ ಆ ಒಂದು ಫೋಟೋದ ಮುಂದೆ ಅದು ಹೊರದೇಶಗಳಲ್ಲಿ ನಡೆಯಲಿಲ್ಲ. ನಮ್ಮ ರಾಜ್ಯಸಭೆಯಲ್ಲೂ ವಿರೋಧ ಪಕ್ಷದವರು ಎದ್ದು ನಿಂತು ಮೌನ ಆಚರಿಸಿದರು. 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸವಿದ್ದು ಸತ್ತ ಜತೀಂದ್ರನಾಥ ದಾಸ್ ಅವರನ್ನು ಬಲ್ಲ ದೇಶಕ್ಕೆ ಈ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅದೇ ಉಪಚುನಾವಣೆಗೆ ಎರಡು ದಿನ ಮುಂಚೆ, ಡೆರಿಯಲ್ಲಿ ಜನಗಣತಿಯ ಫಾರಂ ಸಂಗ್ರಹಿಸುತ್ತಿದ್ದ 29 ವರ್ಷದ ಮಹಿಳೆಯೊಬ್ಬರನ್ನು ಗುಂಡಿಕ್ಕಿ ಕೊಂದರು. ನಮ್ಮದಲ್ಲ ಎಂದಿತು ಐಆರ್‌ಎ, ನಂಬಿದವರು ಕಡಿಮೆ. ಸ್ಯಾಂಡ್ಸ್ ಹೆಸರಿನ ರಸ್ತೆ ಟೆಹ್ರಾನಿನಲ್ಲಿದೆ. ಆ ಮಹಿಳೆಯ ಹೆಸರು ಹೊರಗಿನವರಲ್ಲಿ ಎಷ್ಟು ಮಂದಿಗೆ ಗೊತ್ತು?

ಐಆರ್‌ಎ ಕತೆಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಸರ್ಕಾರವಲ್ಲ, ಒಬ್ಬ ಬಟ್ಟೆ ವ್ಯಾಪಾರಿ. 1987ರ ನವೆಂಬರ್ 8ರಂದು ಎನಿಸ್ಕಿಲನ್‌ನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸೇರಿದ್ದ ಜನರ ಪಕ್ಕದಲ್ಲೇ ಐಆರ್‌ಎ ಬಾಂಬ್ ಸಿಡಿದು 11 ಮಂದಿ ಸತ್ತರು. ಅವಶೇಷದಡಿ ಮಗಳ ಕೈ ಹಿಡಿದುಕೊಂಡೇ ಇದ್ದ ಗಾರ್ಡನ್ ವಿಲ್ಸನ್, ಅವಳನ್ನು ಕಳೆದುಕೊಂಡ ಮೇಲೆ ಬಿಬಿಸಿಗೆ ಹೇಳಿದ್ದು ಇಷ್ಟು: ನನಗೆ ಯಾರ ಮೇಲೂ ದ್ವೇಷವಿಲ್ಲ. ಐಆರ್‌ಎ ಬಳಿ ಇದಕ್ಕೆ ಜವಾಬಿರಲಿಲ್ಲ.

ಮರುವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಮಾಡಿದ ಕೆಲಸ ನೋಡಿ: ಐಆರ್‌ಎ, ಅದರ ರಾಜಕೀಯ ಮುಖವಾದ ಶಿನ್ ಫೇನ್ ಪಕ್ಷ ಸೇರಿ 11 ಸಂಘಟನೆಗಳ ಪ್ರತಿನಿಧಿಗಳ ದನಿ ಟಿವಿ, ರೇಡಿಯೋದಲ್ಲಿ ಬರಕೂಡದು ಎಂದಿತು. ನಿಷೇಧ ಇದ್ದಿದ್ದು ದನಿಗೆ, ಮಾತಿಗಲ್ಲ. ಚಾನೆಲ್‌ಗಳು ಶಿನ್ ಫೇನ್ ನಾಯಕ ಜೆರ್ರಿ ಆಡಮ್ಸ್ ತುಟಿ ಅಲ್ಲಾಡುವುದಕ್ಕೆ ಸರಿಯಾಗಿ ನಟರಿಂದ ಡಬ್ಬಿಂಗ್ ಮಾಡಿಸಿ ಪ್ರಸಾರ ಮಾಡಿದವು! 1994ರ ಸೆಪ್ಟೆಂಬರ್ ತನಕ ಈ ನಗೆಪಾಟಲು ನಡೆಯಿತು.

ಹಾಗಾಗಿ ಇವತ್ತಿನ ಯಾವುದೇ ವರದಿ ಓದುವಾಗ ಅದು ಹೇಳುವ ಮೊದಲ ಘಟನೆಯ ತಾರೀಖು ಗುರುತು ಹಾಕಿಕೊಂಡು, ಅದಕ್ಕಿಂತ ಆರು ತಿಂಗಳು ಹಿಂದೆ ಏನಾಗಿತ್ತೆಂದು ಹುಡುಕಿ. ಯಾರ ವಯಸ್ಸು, ವೃತ್ತಿ, ಮಕ್ಕಳ ವಿವರ ಕೊಟ್ಟಿದ್ದಾರೆ, ಯಾರನ್ನು ಬರೀ ಅಂಕಿಯಾಗಿ ಬಿಟ್ಟಿದ್ದಾರೆ ಎಣಿಸಿ. “ಘರ್ಷಣೆಯಲ್ಲಿ ಇಷ್ಟು ಸಾವು” ಎಂದಿದ್ದರೆ ಕೊಂದವರು ಯಾರೆಂಬುದು ಇನ್ನೂ ಬಾಕಿ. ಪದ ಆರಿಸುವುದು ಇಷ್ಟಾದ ಮೇಲೆ, ಅದೂ ಗುಂಪಿಗಲ್ಲ, ಕೃತ್ಯಕ್ಕೆ. ಜುಲೈ 21ರದು ಭಯೋತ್ಪಾದನೆ. ಜನವರಿ 30ರದು ಸಮವಸ್ತ್ರ ತೊಟ್ಟವರು ಮಾಡಿದ ಕೊಲೆ.