ಕಾಟಾ ನಿಂತ ಎರಡು ನಿಮಿಷ

ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನಿಂತರೆ ಎಂಜಿನಿಯರುಗಳು ಓಡುತ್ತಾರೆ. ಕಬ್ಬಿನ ಗಾಡಿ ತೂಗುವ ಕಾಟಾ ನಿಂತರೆ ಊರೇ ಓಡಿ ಬರುತ್ತದೆ. ಮುಧೋಳ ತಾಲ್ಲೂಕಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವ ಕಾರ್ಖಾನೆಯಲ್ಲಿ ಕಳೆದ ಹಂಗಾಮಿನ ಒಂದು ರಾತ್ರಿ ಹಾಗೇ ಆಯಿತು. ತೂಕದ ಸರ್ವರ್‌ನ ಪವರ್ ಸಪ್ಲೈ ಸುಟ್ಟಿತು. ಜೋಡಿ ಟ್ರೇಲರ್‌ಗಳ ಟ್ರ್ಯಾಕ್ಟರ್ ಸಾಲು ಗೇಟು ದಾಟಿ ರಸ್ತೆಗೆ ಬಂತು. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ರೈತರು ಸಿಟ್ಟಾಗದೆ ಇರುತ್ತಾರೆಯೇ? ಕಾಟಾದ ಗುಮಾಸ್ತ ಕಾಕಾ ಬೆಳಗಾಗುವವರೆಗೆ ಕಾರ್ಬನ್ ಹಾಳೆ ಇಟ್ಟು ಕೈಯಿಂದಲೇ ಚೀಟಿ ಬರೆದರು.

ಈ ಸಲ ಹಂಗಾಮಿಗೆ ಮೊದಲೇ ಎರಡು ಹೊಸ ಸರ್ವರ್‌ಗಳು ಬಂದವು. ಎರಡರ ಮೇಲೂ ಪ್ರಾಕ್ಸ್‌ಮಾಕ್ಸ್ ಹಾಕಿದೆ; ಸರ್ವರ್‌ನೊಳಗೆ ವರ್ಚುವಲ್ ಮಷಿನ್, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್, ನಡೆಸುವ ವ್ಯವಸ್ಥೆ ಅದು. ಒಂದರಲ್ಲಿ ಕಾಟಾದ ವರ್ಚುವಲ್ ಮಷಿನ್, ಇನ್ನೊಂದರಲ್ಲಿ ಲೆಕ್ಕಪತ್ರ ವಿಭಾಗದ್ದು. ಒಂದು ಸತ್ತರೆ ಅದರ ಕೆಲಸವನ್ನು ಇನ್ನೊಂದು ತಾನಾಗಿ ಎತ್ತಿಕೊಳ್ಳಬೇಕು. ಎರಡಕ್ಕೂ ಸೇರಿದ ದೊಡ್ಡ ಡಿಸ್ಕ್ ಪೆಟ್ಟಿಗೆಗೆ ಹಣ ಮಂಜೂರಾಗಲಿಲ್ಲ. ಹಾಗಾಗಿ ಒಂದರ ಡಿಸ್ಕಿನ ಪ್ರತಿ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಮೂಲಕ ಇನ್ನೊಂದಕ್ಕೆ ಹೋಗುವಂತೆ ಮಾಡಿದೆ. ಸುಮ್ಮನೆ ಬಿಟ್ಟರೆ ಅದು 15 ನಿಮಿಷಕ್ಕೊಮ್ಮೆ ಹೋಗುತ್ತದೆ. ನಾನು ಒಂದು ನಿಮಿಷಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಯಲು ಅದು ಒಪ್ಪುವುದಿಲ್ಲ.

ಮೊದಲ ಪರೀಕ್ಷೆಯ ದಿನ ಕಾಟಾ ಸರ್ವರ್‌ನ ವಿದ್ಯುತ್ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಒಂದು ನಿಮಿಷ ಕಳೆಯಿತು. ಯಾರೂ ಮುಟ್ಟದ ಎರಡನೆಯ ಸರ್ವರ್ ಕೂಡ ಆರಿ, ಫ್ಯಾನ್ ಜೋರಾಗಿ ತಿರುಗಿಸಿ, ಮೊದಲಿನಿಂದ ಏಳತೊಡಗಿತು. ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. ತೆಗೆಯಲಿಲ್ಲ.

ತಪ್ಪು ನನ್ನದೇ. ಇಬ್ಬರೇ ಇರುವ ಗುಂಪಿನಲ್ಲಿ ಒಬ್ಬ ಮಾಯವಾದರೆ ಉಳಿದವನಿಗೆ ಬಹುಮತವಿಲ್ಲ; ಬಹುಮತವಿಲ್ಲದೆ ಅವನು ಕೆಲಸ ಎತ್ತಿಕೊಳ್ಳುವಂತಿಲ್ಲ. ಆಚೆಯವನು ಸತ್ತನೋ, ನಡುವಿನ ಕೇಬಲ್ ಕಡಿಯಿತೋ ಅವನಿಗೆ ತಿಳಿಯುವುದಿಲ್ಲ. ಕೇಬಲ್ ಮಾತ್ರ ಕಡಿದು ಇಬ್ಬರೂ ಬದುಕಿದ್ದರೆ, ಒಂದೇ ಕಾಟಾಕ್ಕೆ ಇಬ್ಬರು ಗುಮಾಸ್ತರು ಕುಳಿತು ಬೇರೆ ಬೇರೆ ಪುಸ್ತಕದಲ್ಲಿ ಚೀಟಿ ಹರಿದಂತೆ. ಅದಕ್ಕೇ ಬಹುಮತ ಕಳೆದುಕೊಂಡವನು 60 ಸೆಕೆಂಡು ಕಾದು ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತಾನೆ. ಇದನ್ನು ಓದಿದ್ದೆ, ಓದಿದ್ದು ತಲೆಗೆ ಹೋದದ್ದು ಆ ಫೋನ್ ರಿಂಗಣಿಸಿದಾಗ.

ಮೂರನೆಯ ಮತಕ್ಕೆ ಮೂರನೆಯ ಸರ್ವರ್ ಬೇಕಿಲ್ಲ. ಟೈಮ್ ಆಫೀಸಿನ ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಮತ ಚಲಾಯಿಸುವುದೊಂದೇ ಕೆಲಸ ಕೊಟ್ಟೆ. ಮತ್ತೆ ತಂತಿ ಕಿತ್ತೆ. ಈ ಸಲ ಎರಡನೆಯ ಸರ್ವರ್ ಅಲುಗಾಡಲಿಲ್ಲ, ಕಾಟಾದ ಮಷಿನ್ ಇತ್ತ ಬಂತು, ಆದರೆ ಏಳಲಿಲ್ಲ. ಕೆಂಪು ಅಕ್ಷರದ ತಕರಾರು ಓದಿದರೆ ನಗು ಬಂತು: ವಿಂಡೋಸ್ ಹಾಕುವಾಗ ಅದರ ಸಿ.ಡಿ. ಡ್ರೈವಿಗೆ ಜೋಡಿಸಿದ್ದ ಐಎಸ್ಒ ಫೈಲನ್ನು, ಅಂದರೆ ಸಿ.ಡಿ.ಯ ನಕಲನ್ನು, ನಾನು ತೆಗೆದೇ ಇರಲಿಲ್ಲ. ಆ ಫೈಲು ಸತ್ತ ಸರ್ವರ್‌ನಲ್ಲೇ ಉಳಿದಿತ್ತು. ಯಾರಿಗೂ ಬೇಡದ ಸಿ.ಡಿ.ಗಾಗಿ ಇಡೀ ಕಾಟಾ ಹಟ ಹಿಡಿದು ಮಲಗಿತ್ತು.

ಮೂರನೆಯ ಸಲ ಕಾಕಾ ಜೊತೆಗಿದ್ದರು. ಗರಸು ತುಂಬಿದ ಕಾರ್ಖಾನೆಯ ಟ್ರ್ಯಾಕ್ಟರನ್ನು ಕಾಟಾದ ಮೇಲೆ ಹತ್ತಿಸಿ ತುಂಬಿದ ತೂಕದ ಚೀಟಿ ತೆಗೆದರು, ಸಂಖ್ಯೆ 14. ಪ್ರಿಂಟರ್ ನಿಂತ ಕೂಡಲೇ ನಾನು ಫೋನಿನಲ್ಲಿ ಹೇಳಿ ತಂತಿ ಕೀಳಿಸಿದೆ. ಕಾಕಾ ಗಡಿಯಾರ ನೋಡುತ್ತಾ ಎಲೆ ಅಡಿಕೆ ಮಡಚಿದರು. ಸುಮಾರು ಎರಡು ನಿಮಿಷಕ್ಕೆ ಮಷಿನ್ ಎದ್ದಿತು, ವಿಂಡೋಸ್ ಬರಲು ಇನ್ನಷ್ಟು ಹೊತ್ತು ಹಿಡಿಯಿತು. ಪರದೆ ಬೆಳಗಿದಾಗ ನಾನು ಗೆದ್ದೆನೆಂದೇ ತಿಳಿದೆ.

ಕಾಕಾ ಚಪ್ಪಾಳೆ ತಟ್ಟಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು, "ಸಾಹೇಬರೇ, ಇಲ್ಲಿ 13ಕ್ಕೇ ನಿಂತಿದೆ" ಎಂದರು. 14 ಅವರ ಕೈಯಲ್ಲಿತ್ತು. ಕೊನೆಯ ಪ್ರತಿ ಹೋದ ಮೇಲೆ, ತಂತಿ ಕೀಳುವ ಮೊದಲು ಹುಟ್ಟಿದ ಚೀಟಿ ಅದು.

"ಇನ್ನೊಮ್ಮೆ ತೂಗಿದರಾಯಿತಲ್ಲ ಕಾಕಾ?"

"ಗಾಡಿ ಖಾಲಿಯಾಗಿದ್ದರೆ?"

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಕಬ್ಬಿನ ತೂಕ. ಕಬ್ಬು ಇಳಿಸಿ ಬಂದ ಗಾಡಿಯ ತುಂಬಿದ ತೂಕವನ್ನು ಯಾವ ಸರ್ವರ್ ಕೊಡಬಲ್ಲದು? ಮೇಲಾಗಿ ಮುಂದಿನ ಗಾಡಿ ತೂಗಿದರೆ ಅದಕ್ಕೂ 14ನೆಯ ಸಂಖ್ಯೆಯೇ ಬೀಳುತ್ತದೆ. ಒಂದೇ ಸಂಖ್ಯೆಯ ಚೀಟಿ ಹಿಡಿದ ಇಬ್ಬರು ರೈತರು ಬಿಲ್ಲಿನ ಖಿಡಕಿಯ ಮುಂದೆ ನಿಂತ ಚಿತ್ರ ಕಣ್ಣಿಗೆ ಕಟ್ಟಿತು.

ಈಗ ಕಾಟಾದ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ: ಪರದೆ ಆರಿ ಹತ್ತಿದರೆ ಮೊದಲು ಕೊನೆಯ ಚೀಟಿಯ ಸಂಖ್ಯೆ ನೋಡಿ, ಕಾಣೆಯಾದದ್ದನ್ನು ಕಚೇರಿ ಪ್ರತಿ ನೋಡಿ ತುಂಬಿ, ಆಮೇಲೆ ಗಾಡಿ ಬಿಡಿ. ಕಾಕಾ ಅದರ ಕೆಳಗೆ ಮೊಳೆ ಹೊಡೆದು ಕಳೆದ ವರ್ಷದ ಕಾರ್ಬನ್ ಪುಸ್ತಕ ತೂಗುಹಾಕಿದ್ದಾರೆ. ಅದರಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಉಳಿದಿವೆ.