ಸೌತ್‌ವೋಲ್ಡ್‌ನಲ್ಲಿ ಜೀವ ಇರುವ ಬಿಯರ್

ಇಪ್ಸ್‌ವಿಚ್‌ನಲ್ಲಿ ಅಕ್ಕ-ಭಾವ ಇದ್ದಾರೆ. ಅವರ ಮನೆಯಲ್ಲಿ ಉಳಿದುಕೊಂಡು ಲಂಡನ್ ನೋಡಿದೆ, ಕೇಂಬ್ರಿಡ್ಜ್ ನೋಡಿದೆ. ಚೆನ್ನಾಗಿದ್ದವು. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಬರೆಯಲೇಬೇಕು ಅನ್ನಿಸಿದ್ದು ಸೌತ್‌ವೋಲ್ಡ್ ಬಗ್ಗೆ. ಅದರಲ್ಲೂ ಅಲ್ಲಿನ ಒಂದು ಪಬ್ಬಿನಲ್ಲಿ ಕುಡಿದ ಬಿಯರ್ ಬಗ್ಗೆ.

ಸೌತ್‌ವೋಲ್ಡ್ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಫೋಕ್ ಕೌಂಟಿಯಲ್ಲಿರುವ ಪುಟ್ಟ ಊರು. ಇಪ್ಸ್‌ವಿಚ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಇಲ್ಲಿಗೆ ಬರುತ್ತಿದ್ದ ಚಿಕ್ಕ ರೈಲು 1929ರಲ್ಲೇ ನಿಂತುಹೋಯಿತು. ಹಾಗಾಗಿ ಕಾರು ಇಲ್ಲವೇ ಬಸ್ಸೇ ಗತಿ. ದಾರಿಯ ಎರಡೂ ಕಡೆ ಬಾರ್ಲಿ ಹೊಲಗಳು. ಊರೊಳಗೆ ಹೋದರೆ ಮನೆಗಳ ಮಧ್ಯೆ ಅಲ್ಲಲ್ಲಿ ಹಸಿರು ಬಯಲು. 1659ರಲ್ಲಿ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಯಿತಂತೆ. ಮತ್ತೆ ಕಟ್ಟುವಾಗ, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬದಿರಲಿ ಅಂತ ಈ ಬಯಲುಗಳನ್ನು ಹಾಗೇ ಬಿಟ್ಟರಂತೆ.

ದೀಪಸ್ತಂಭವಂತೂ ಮನೆಗಳ ನಡುವೆಯೇ ಎದ್ದು ನಿಂತಿದೆ. ಬೆಳ್ಳಗಿನ ಗೋಪುರ, 31 ಮೀಟರ್ ಎತ್ತರ, ದೀಪ ಹಚ್ಚಿದ್ದು 1890ರಲ್ಲಿ. ಅದರ ಪಕ್ಕದಲ್ಲೇ ಆಡ್ನಮ್ಸ್ ಬ್ರೂವರಿ. ಆಡ್ನಮ್ಸ್ ಕುಟುಂಬ ಈ ಬ್ರೂವರಿಯನ್ನು ಕೊಂಡಿದ್ದು 1872ರಲ್ಲಿ. ಆದರೆ ಈ ಜಾಗದಲ್ಲಿ ಬಿಯರ್ ಮಾಡುತ್ತಿದ್ದ ದಾಖಲೆ 1345ರಿಂದಲೇ ಇದೆ. ಗಾಳಿ ನಮ್ಮ ಕಡೆ ತಿರುಗಿದಾಗಲೆಲ್ಲ ಬೆಂದ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಘಮ ಬರುತ್ತಿತ್ತು. ಸಮುದ್ರದ ದಂಡೆಯಲ್ಲಿ ಸಾಲಾಗಿ ನಿಂತ ಬಣ್ಣದ ಮರದ ಗೂಡುಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅವು ಅಷ್ಟೇನೂ ಹಿಡಿಸಲಿಲ್ಲ. ಆ ಘಮ ಹಿಡಿಸಿತು.

ಸಂಜೆ ಒಂದು ಹಳೇ ಪಬ್ಬಿಗೆ ಹೋದೆವು. ತಗ್ಗಿನ ಚಾವಣಿ, ಮರದ ಬೆಂಚು, ಕೌಂಟರ್ ಮೇಲೆ ಉದ್ದ ಹಿಡಿಯ ಹ್ಯಾಂಡ್ ಪಂಪ್‌ಗಳು. ಕೌಂಟರ್ ಹಿಂದೆ ಅರವತ್ತು ದಾಟಿರಬಹುದಾದ ಒಬ್ಬ ಹೆಂಗಸು. ನಾನು ಆಡ್ನಮ್ಸ್‌ನವರ ಸೌತ್‌ವೋಲ್ಡ್ ಬಿಟರ್ ಅನ್ನುವ ಬಿಯರ್ ಕೇಳಿದೆ. ಆಕೆ ಹಿಡಿಯನ್ನು ನಿಧಾನವಾಗಿ ತನ್ನ ಕಡೆ ಎಳೆದರು. ಗ್ಲಾಸು ಅಂಚಿನ ತನಕ ತುಂಬಿತು. ಮೇಲೆ ತೆಳ್ಳಗೆ ಒಂದು ಪದರ ನೊರೆ, ಅಷ್ಟೇ. ಗ್ಲಾಸು ಮುಟ್ಟಿದರೆ ಕೊರೆಯುವ ತಣ್ಣಗಿಲ್ಲ. ಕುಡಿದರೆ ಗ್ಯಾಸ್ ಗಂಟಲಿಗೆ ಚುಚ್ಚುವುದಿಲ್ಲ. ಮೊದಲ ಗುಟುಕಿಗೆ ಏನೋ ಕಮ್ಮಿ ಇದೆ ಅನ್ನಿಸಿತು. ಮೂರನೇ ಗುಟುಕಿನ ಹೊತ್ತಿಗೆ ಒಂದೊಂದೇ ರುಚಿ ಬಿಚ್ಚಿಕೊಳ್ಳತೊಡಗಿತು. ಮೊದಲು ಬಿಸ್ಕತ್ತಿನಂಥ ಮಾಲ್ಟು, ಆಮೇಲೆ ಮಣ್ಣಿನ ವಾಸನೆಯ ಕಹಿ, ಕೊನೆಗೆ ನಾಲಿಗೆಯ ಬದಿಯಲ್ಲಿ ಉಳಿಯುವ ಒಗರು. 3.7 ಪರ್ಸೆಂಟ್ ಆಲ್ಕೋಹಾಲಿನ ಬಿಯರಿನಲ್ಲಿ ಇಷ್ಟೆಲ್ಲ ಇರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

"ಇದನ್ನ ಯಾಕೆ ಇನ್ನೂ ತಣ್ಣಗೆ ಕೊಡಲ್ಲ?" ಅಂತ ಕೇಳಿದೆ. ಎಷ್ಟು ಜನ ಪ್ರವಾಸಿಗಳು ಇದನ್ನೇ ಕೇಳಿರುತ್ತಾರೋ. ಆದರೂ ಆಕೆ ಬೇಸರ ಮಾಡಿಕೊಳ್ಳಲಿಲ್ಲ.

"ಕೆಳಗೆ ನೆಲಮಾಳಿಗೆ ಹನ್ನೆರಡು ಡಿಗ್ರಿಯಲ್ಲಿದೆ. ಅದು ಬೆಚ್ಚಗಿನ ಬಿಯರ್ ಅಲ್ಲ. ಅದಕ್ಕಿಂತ ತಣ್ಣಗೆ ಕೊಟ್ಟರೆ ನಿಮ್ಮ ನಾಲಿಗೆ ಮರಗಟ್ಟುತ್ತೆ. ನೀವೀಗ ಹೇಳಿದಿರಲ್ಲ, ಆ ಮಣ್ಣಿನ ವಾಸನೆ, ಅದು ಗೊತ್ತಾಗೋದೇ ಇಲ್ಲ" ಅಂದರು. ಆ ವಾಸನೆ ಫಗಲ್ಸ್ ಅನ್ನುವ ಹಳೇ ಇಂಗ್ಲಿಷ್ ಹಾಪ್ಸ್‌ನದು. ಹಾಪ್ಸ್ ಅಂದರೆ ಬಿಯರಿಗೆ ಕಹಿ, ಘಮ ಕೊಡುವ ಹೂವು.

ಆಮೇಲೆ ಆಕೆ ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಬ್ರೂವರಿಯವರು ಈ ಬಿಯರನ್ನ ಮುಗಿಸಿ ಕಳಿಸೋದಿಲ್ಲ. ಮುಗಿಸೋದು ನಾವು."

ಪಬ್ಬಿನಲ್ಲಿ ಜನ ಕಡಿಮೆ ಇದ್ದರು. ಅಲ್ಲೇ ನಿಂತು ಮಾತಾಡುತ್ತ ಹೋದೆವು. ನಾವು ಸಾಮಾನ್ಯವಾಗಿ ಕುಡಿಯುವ ಡ್ರಾಟ್ ಬಿಯರ್ ಸೋಸಿದ್ದು. ಬಹಳ ಸಲ ಬಿಸಿ ಮಾಡಿ ಪಾಶ್ಚರೀಕರಿಸಿದ್ದು. ಕೆಗ್ಗಿಗೆ, ಅಂದರೆ ಲೋಹದ ಪೀಪಾಯಿಗೆ, ಗ್ಯಾಸ್ ಹಾಯಿಸಿ ಅದನ್ನು ಮೇಲಕ್ಕೆ ತಳ್ಳುತ್ತಾರೆ. ಕಾಸ್ಕ್ ಅಂದರೆ ಪೀಪಾಯಿಯ ಬಿಯರ್ ಹಾಗಲ್ಲ. ಯೀಸ್ಟ್ ಬದುಕಿರುವಾಗಲೇ ಅದನ್ನು ಪೀಪಾಯಿಗೆ ತುಂಬಿ ಕಳಿಸುತ್ತಾರೆ. ಹುದುಗುವ ಕೆಲಸ ಒಳಗೆ ಇನ್ನೂ ಸ್ವಲ್ಪ ನಡೆಯುತ್ತಲೇ ಇರುತ್ತದೆ. ಅಲ್ಲಿ ಹುಟ್ಟಿದ ಗ್ಯಾಸೇ ಬಿಯರಿನ ಗ್ಯಾಸ್. ಹೊರಗಿಂದ ಬೇರೆ ಹಾಕುವುದಿಲ್ಲ.

ಆಕೆ ನಮ್ಮನ್ನು ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು. ಅಡ್ಡ ಮಲಗಿಸಿದ ಪೀಪಾಯಿಗಳು. ಒಂದೊಂದರಲ್ಲೂ 9 ಗ್ಯಾಲನ್, ಅಂದರೆ 72 ಪಿಂಟ್ (ಒಂದು ಪಿಂಟ್ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ). ಪ್ರತಿಯೊಂದರ ಹೊಟ್ಟೆಯ ಮೇಲೆ ಒಂದು ಸಣ್ಣ ಮರದ ಬೆಣೆ. ಹೊಸದಾಗಿ ಬಂದ ಪೀಪಾಯಿಗೆ ಮೊದಲು ಮೆತ್ತನೆ ಮರದ ಬೆಣೆ ಹಾಕುತ್ತಾರೆ. ಜಾಸ್ತಿಯಾದ ಗ್ಯಾಸ್ ಅದರ ಮೂಲಕ ನಿಧಾನವಾಗಿ ಹೊರಗೆ ಹೋಗುತ್ತದೆ. ಬೆಣೆಯ ಸುತ್ತ ನೊರೆ ಗುಳ್ಳೆಗಳು ಏಳುತ್ತಿದ್ದುದನ್ನು ಕಣ್ಣಾರೆ ನೋಡಿದೆ. ಗುಳ್ಳೆ ನಿಂತ ಮೇಲೆ ಗಟ್ಟಿ ಬೆಣೆ ಬಡಿದು, ಉಳಿದ ಗ್ಯಾಸನ್ನು ಒಳಗೇ ಹಿಡಿದಿಡುತ್ತಾರೆ. ಯಾವಾಗ ಬದಲಾಯಿಸಬೇಕು ಅನ್ನುವುದಕ್ಕೆ ಗಡಿಯಾರ ಸಾಲದು, ದಿನಾ ನೋಡಬೇಕು, ರುಚಿ ನೋಡಬೇಕು. ಒಮ್ಮೆ ನಲ್ಲಿ ಬಡಿದು ಬಿಯರ್ ತೆಗೆಯಲು ಶುರು ಮಾಡಿದರೆ, ಹೊರಗೆ ಹೋದ ಬಿಯರಿನ ಜಾಗಕ್ಕೆ ಗಾಳಿ ಬರುತ್ತದೆ. ಅಲ್ಲಿಂದ ಸುಮಾರು ಮೂರು ದಿನದೊಳಗೆ ಖಾಲಿಯಾಗಬೇಕು. ಇಲ್ಲದಿದ್ದರೆ ಹುಳಿ ತಿರುಗುತ್ತದೆ.

ಮಂಗಳೂರಿನ ಕಡೆ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಬೇರೆಯೇ ಆಗುತ್ತದಲ್ಲ, ಹಾಗೆ, ಅಂತ ನಾನು ಆಕೆಗೆ ವಿವರಿಸಿದೆ. ತೆಂಗಿನ ಮರದಿಂದ ಕಳ್ಳು ಇಳಿಸುವ ಕಥೆಯನ್ನು ಆಕೆ ಅಷ್ಟೇ ಆಸಕ್ತಿಯಿಂದ ಕೇಳಿದರು. ಯೀಸ್ಟ್ ಯಾರು ಹಾಕುತ್ತಾರೆ ಅಂದರು. ಯಾರೂ ಹಾಕುವುದಿಲ್ಲ, ಗಾಳಿಯಿಂದ, ಮಡಕೆಯಿಂದ ತಾನಾಗಿ ಬರುತ್ತದೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾ ನಿಂತಿದ್ದರು.

ಇದೆಲ್ಲ ಮುಗಿಸಿ ಮೇಲೆ ಬಂದಾಗ ಅಕ್ಕ ಸುಮ್ನೆ ತಮಾಷೆಗೆ, "ಇದರಲ್ಲಿ ಮೀನು ಗೀನು ಇಲ್ಲ ತಾನೇ?" ಅಂದಳು. ಆಕೆಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಅವರು ಗಂಭೀರವಾದರು. ಪೀಪಾಯಿಯ ಬಿಯರ್ ತಿಳಿಯಾಗಲು ಬ್ರಿಟನ್ನಿನ ಅನೇಕ ಬ್ರೂವರಿಗಳು ಐಸಿಂಗ್ಲಾಸ್ ಹಾಕುತ್ತವೆ. ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಾಡಿದ್ದು. ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಗ್ಲಾಸಿಗೆ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ "ಕುಡೀಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟಿದ್ದು, ಗೊತ್ತಿದ್ದು ಕುಡಿಯಿರಿ" ಅಂದರು. ಅಕ್ಕ ತನ್ನ ಗ್ಲಾಸನ್ನು ನನ್ನ ಕಡೆ ತಳ್ಳಿದಳು. ಸಸ್ಯಾಹಾರಿಗಳು ಬ್ರಿಟನ್ನಿಗೆ ಹೋದರೆ ಇದನ್ನು ಮೊದಲೇ ಕೇಳಿಕೊಳ್ಳಿ. ಬಾಟಲಿ, ಕ್ಯಾನ್ ಮೇಲೆ ವೀಗನ್ ಅಂತ ಬರೆದಿದ್ದರೆ ಚಿಂತೆ ಇಲ್ಲ.

ಆಮೇಲೆ ಪಿಂಟ್ ಬಿಟ್ಟು, ಪಿಂಟಿನ ಮೂರನೇ ಒಂದು ಭಾಗದ ಚಿಕ್ಕ ಗ್ಲಾಸುಗಳಲ್ಲಿ ಆಡ್ನಮ್ಸ್‌ನವರದೇ ಬೇರೆ ಬಿಯರುಗಳನ್ನು ಕುಡಿದೆ. ಅಲ್ಲಿ ಈ ಅಳತೆಯಲ್ಲೂ ಕೊಡುತ್ತಾರೆ, ರುಚಿ ನೋಡುವವರಿಗೆ ಇದೇ ಸರಿ. ಘೋಸ್ಟ್ ಶಿಪ್ 4.5 ಪರ್ಸೆಂಟ್. ಅಮೆರಿಕದ ಸಿಟ್ರಾ ಹಾಪ್ಸ್ ಹಾಕಿರುವುದರಿಂದ ಮೂಗಿಗೆ ಮೊದಲು ನಿಂಬೆ ಸಿಪ್ಪೆ ಬಡಿಯುತ್ತದೆ. ಊರಿನವರೆಲ್ಲ ಇದನ್ನೇ ಕುಡಿಯುತ್ತಿದ್ದರು. ಒಳ್ಳೇ ಬಿಯರ್, ಸುಲಭದ ಬಿಯರ್. ನನಗೆ ಅದರ ನಿಂಬೆ ಸ್ವಲ್ಪ ಜಾಸ್ತಿ ಆಯಿತು, ಮಾಲ್ಟಿಗೆ ಮಾತಾಡಲು ಬಿಡುವುದಿಲ್ಲ.

ಬ್ರಾಡ್‌ಸೈಡ್ ಮಾತ್ರ ಬೇರೆಯೇ ಜಾತಿ. ಕಡು ಕೆಂಪು ಬಣ್ಣ, ಪೀಪಾಯಿಯಲ್ಲಿ 4.7 ಪರ್ಸೆಂಟ್. ಒಣದ್ರಾಕ್ಷಿ, ಬಾದಾಮಿ, ಸುಟ್ಟ ಸಕ್ಕರೆ ಎಲ್ಲ ಬರುತ್ತವೆ, ಆದರೆ ಸಿಹಿ ಅಂಟಿಕೊಳ್ಳುವುದಿಲ್ಲ. 1672ರ ಮೇ 28ರಂದು ಇದೇ ಊರಿನ ಮುಂದಿನ ಸಮುದ್ರದಲ್ಲಿ ಡಚ್ಚರ ನೌಕಾಪಡೆಗೂ ಇಂಗ್ಲಿಷ್-ಫ್ರೆಂಚ್ ನೌಕಾಪಡೆಗೂ ದೊಡ್ಡ ಕಾಳಗ ನಡೆಯಿತು. ಸೋಲ್ ಬೇ ಕಾಳಗ ಅಂತ ಅದರ ಹೆಸರು. ಅದರ ಮುನ್ನೂರನೇ ವರ್ಷದ ನೆನಪಿಗೆ ಮಾಡಿದ ಬಿಯರ್ ಇದು. ಇಡೀ ಪ್ರವಾಸದಲ್ಲಿ ನಾನು ಬಾಯಿಗೆ ಹಾಕಿಕೊಂಡದ್ದರಲ್ಲಿ ಇದೇ ಅತ್ಯುತ್ತಮ.

ಭಾವನಿಗೆ ಕಾರು ಓಡಿಸಬೇಕಿತ್ತು. ಅವರು 0.5 ಪರ್ಸೆಂಟಿನ ಘೋಸ್ಟ್ ಶಿಪ್ ತಗೊಂಡರು. ಮಾಮೂಲಿ ಬಿಯರಿನ ಹಾಗೇ ಮಾಡಿ, ಆಮೇಲೆ ರಿವರ್ಸ್ ಆಸ್ಮೋಸಿಸ್‌ನಿಂದ ಆಲ್ಕೋಹಾಲ್ ತೆಗೆಯುತ್ತಾರೆ. ಮನೆಯ ನೀರಿನ ಫಿಲ್ಟರಿನಲ್ಲಿ ಇರುವ ಅದೇ ತಂತ್ರ. ನಾನೂ ಒಂದು ಗುಟುಕು ಕುಡಿದೆ. ಇಂಥ ಬಿಯರುಗಳಲ್ಲಿ ಬರುವ ಬೇಯಿಸಿದ ಧಾನ್ಯದ ಸಪ್ಪೆ ವಾಸನೆ ಇದರಲ್ಲಿ ಇರಲಿಲ್ಲ.

ಕಾರು ಓಡಿಸಬೇಕಾಗಿ ಬಂದದ್ದು ಯಾಕೆ ಅನ್ನುವುದನ್ನೂ ಹೇಳುತ್ತೇನೆ, ಇವತ್ತಿಗೂ ಸಿಟ್ಟಿದೆ. ಊರೊಳಗೆ ರೂಮು ಬಹಳ ದುಬಾರಿ ಅಂತ ಊರಿನಿಂದ ಕೆಲವು ಮೈಲಿ ದೂರದ ಒಂದು ವಸತಿಗೃಹದಲ್ಲಿ ಬುಕ್ ಮಾಡಿದ್ದೆವು. ಹತ್ತು ಗಂಟೆಗೆ ಬರುತ್ತೇವೆ ಅಂತ ಬರೆದು ತಿಳಿಸಿದ್ದೆವು, ಆಗಲಿ ಅಂತ ಉತ್ತರವೂ ಬಂದಿತ್ತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ದೀಪ ಇಲ್ಲ. ಫೋನ್ ರಿಂಗ್ ಆಗುತ್ತಲೇ ಇತ್ತು, ಎತ್ತುವವರಿಲ್ಲ. ಸಮುದ್ರದ ಗಾಳಿ ಅಲ್ಲಿಯ ತನಕ ಬೀಸುತ್ತದೆ. ಆ ಚಳಿಯಲ್ಲಿ ಅಕ್ಕ ಕಾರಿನಲ್ಲಿ ಮುದುರಿ ಕೂತಿದ್ದಳು. ಹನ್ನೊಂದು ಗಂಟೆ ದಾಟಿದ ಮೇಲೆ ಒಬ್ಬರು ಬಂದು ಬಾಗಿಲು ತೆರೆದರು. ಕ್ಷಮೆ ಕೇಳುವುದು ಹೋಗಲಿ, ತಡವಾಗಿ ಬಂದಿದ್ದಕ್ಕೆ ಬೇರೆ ದುಡ್ಡು ಕೇಳಿದರು! ಭಾವ ಆ ಉತ್ತರವನ್ನು ಫೋನಿನಲ್ಲಿ ತೋರಿಸಿದ ಮೇಲೆ ಸುಮ್ಮನಾದರು. ಈ ಕಡೆಯ ಸಣ್ಣ ಊರುಗಳಲ್ಲಿ ರಾತ್ರಿ ತಂಗುವುದಾದರೆ, ಬೀಗದ ಕೈ ಎಲ್ಲಿ ಸಿಗುತ್ತದೆ, ಬಾಗಿಲಿಗೆ ಕೋಡ್ ಇದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಇನ್ನೂ ಒಳ್ಳೆಯದು, ದುಡ್ಡು ಹೋದರೂ ಸರಿ, ಊರೊಳಗೇ ಇರಿ. ಪಬ್ಬಿನಿಂದ ನಡೆದುಕೊಂಡು ಹೋಗಬಹುದು, ಮೂರೂ ಜನ ಕುಡಿಯಬಹುದು.

ಮರುದಿನ ಬೆಳಿಗ್ಗೆ ಬ್ರೂವರಿಯೊಳಗೆ ಸುತ್ತಾಡಿದೆವು. ಹೊರಗೆ ವಿಕ್ಟೋರಿಯಾ ಕಾಲದ ಗೋಡೆ, ಒಳಗೆ ಎಲ್ಲ ಹೊಳೆಯುವ ಸ್ಟೀಲು. ಒಂದು ಸಲ ಕುದಿಸಿದಾಗ ಬಂದ ಹಬೆಯನ್ನು ಹಿಡಿದು ಮುಂದಿನ ಸಲಕ್ಕೆ ಬಿಸಿ ಮಾಡಲು ಬಳಸುತ್ತಾರೆ, ಅದು ಇಷ್ಟವಾಯಿತು. 2006ರ ತನಕ ಇಲ್ಲಿಂದ ಊರಿನ ಪಬ್ಬುಗಳಿಗೆ ಕುದುರೆ ಗಾಡಿಯಲ್ಲೇ ಪೀಪಾಯಿ ಹೋಗುತ್ತಿತ್ತು.

ಮಧ್ಯಾಹ್ನ ಇಪ್ಸ್‌ವಿಚ್‌ಗೆ ಹೊರಡುವ ಮೊದಲು ಅದೇ ಪಬ್ಬಿಗೆ ಮತ್ತೆ ಹೋದೆ. ಅದೇ ಪೀಪಾಯಿಯ ಬ್ರಾಡ್‌ಸೈಡ್ ಕೊಡಿ ಅಂದೆ. ಹಿಂದಿನ ದಿನವಷ್ಟೇ ನಲ್ಲಿ ಬಡಿದಿದ್ದು. ರುಚಿ ನಿಜವಾಗಲೂ ಬದಲಾಗಿತ್ತು. ಕಹಿಯ ಚೂಪು ಇಳಿದಿತ್ತು, ಒಣದ್ರಾಕ್ಷಿ ಮುಂದೆ ಬಂದಿತ್ತು. "ಇವತ್ತೇ ಇದರ ಒಳ್ಳೇ ದಿನ" ಅಂದರು ಆಕೆ. ತುಟಿಯ ಮೇಲೆ ಉಪ್ಪು ತಟ್ಟುತ್ತಿತ್ತು, ಬಿಯರಿನಲ್ಲಿ ಸಮುದ್ರ ಇದೆಯಾ ಅಂತ ಕೇಳಿದೆ. ಇಲ್ಲ, ಅದು ಗಾಳಿ, ನಿಮ್ಮ ತುಟಿ ಒರೆಸಿಕೊಂಡು ಕುಡಿಯಿರಿ ಅಂದರು. ಒರೆಸಿಕೊಂಡು ಕುಡಿದೆ. ಉಪ್ಪು ಇರಲಿಲ್ಲ.

ಬರುವಾಗ ಬ್ರಾಡ್‌ಸೈಡ್ ಬಾಟಲಿಗಳನ್ನು ತಂದೆ. ಬಾಟಲಿಯಲ್ಲಿ ಅದು 6.3 ಪರ್ಸೆಂಟ್, ಗ್ಯಾಸೂ ಜಾಸ್ತಿ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಪೀಪಾಯಿಯ ಬಿಯರ್ ಕುಡಿಯಬೇಕೆಂದರೆ ಅಲ್ಲಿಗೇ ಹೋಗಬೇಕು. ಹೋದವರು ಬಿಟರಿನಿಂದ ಶುರು ಮಾಡಿ, ಘೋಸ್ಟ್ ಶಿಪ್ ಆಮೇಲೆ, ಬ್ರಾಡ್‌ಸೈಡ್ ಕೊನೆಗೆ. ಕೇಳುವ ಮೊದಲು, ಯಾವ ಪೀಪಾಯಿಗೆ ನಲ್ಲಿ ಹಾಕಿ ಎಷ್ಟು ದಿನವಾಯಿತು ಅಂತ ವಿಚಾರಿಸಿ.