ಎಸ್‌ಪಿಎಫ್ ಪಾಸ್, ಡಿಮಾರ್ಕ್ ಫೇಲ್

ಮೇಲ್ ಸರ್ವರ್‌ಗೆ ಎಸ್‌ಪಿಎಫ್ (ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡರಲ್ಲೂ ಫೇಲಾದ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ಮೂರನ್ನೂ ಕೂರಿಸುವುದು ಅಂಥ ದೊಡ್ಡ ಕೆಲಸವಲ್ಲ. ನಮ್ಮ ಡೊಮೇನ್ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸುತ್ತಿದ್ದಾರೆ ಅಂತ ಹುಡುಕುವುದರಲ್ಲೇ ಸಾಕುಸಾಕಾಗುತ್ತದೆ.

2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಬಳಕೆದಾರರಿಗೆ ದಿನಕ್ಕೆ ಸುಮಾರು 5000 ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿತು. ನಮ್ಮದು ಅಷ್ಟಿಲ್ಲ. ಆದರೂ ಇನ್‌ವಾಯ್ಸ್‌ಗಳು ಸ್ಪ್ಯಾಮ್‌ಗೆ ಹೋಗುತ್ತಿವೆ ಅಂತ ಅಕೌಂಟ್ಸ್‌ನವರ ಗಲಾಟೆ ಇತ್ತು.

ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಜೊತೆ ಸಹಿ ಹಾಕುವ ಓಪನ್‌ಡಿಕಿಮ್ ಹಾಕಿ, 2048 ಬಿಟ್ ಕೀ ಮಾಡಿದೆವು. ಸಹಿಯನ್ನು ತಾಳೆ ನೋಡಲು ಬೇಕಾದ ಕೀ ಡಿಎನ್‌ಎಸ್‌ನ (ಡೊಮೇನ್ ವಿವರಗಳನ್ನು ಎಲ್ಲರಿಗೂ ತಿಳಿಸುವ ವ್ಯವಸ್ಥೆ) ಟಿಎಕ್ಸ್‌ಟಿ, ಅಂದರೆ ಪಠ್ಯ ರೆಕಾರ್ಡ್‌ನಲ್ಲಿ ಇರುತ್ತದೆ. ಅದರ ಒಂದು ತುಂಡಿನಲ್ಲಿ 255 ಅಕ್ಷರವಷ್ಟೇ ಹಿಡಿಯುವುದರಿಂದ ಕೀಯನ್ನು ತುಂಡು ಮಾಡಿ ಕೊಡಬೇಕು. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ತಾವೇ ಮಾಡಿಕೊಳ್ಳುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಡಿಎನ್‌ಎಸ್ ರೆಕಾರ್ಡ್ ತೋರಿಸುವ ಡಿಗ್ ಕಮಾಂಡ್‌ನಲ್ಲಿ ನೋಡದೆ ನಂಬಬೇಡಿ.

ಡಿಮಾರ್ಕ್ ಪಾಲಿಸಿಯನ್ನು ಮೊದಲು 'ನನ್' (none) ಎಂದಿಟ್ಟೆವು: ಫೇಲಾದರೂ ತಡೆಯಬೇಡಿ, ವರದಿ ಕಳಿಸಿ ಸಾಕು. ಜಿಪ್ ಮಾಡಿದ ಎಕ್ಸ್‌ಎಂಎಲ್ ವರದಿಗಳು ಬರತೊಡಗಿದ ಮೇಲೆಯೇ ಮನೆಯೊಳಗಿನ ಗುಟ್ಟೆಲ್ಲ ಗೊತ್ತಾಗಿದ್ದು. ಸಂಬಳದ ಸ್ಲಿಪ್ ಕಳಿಸುವ ಹೊರಗಿನ ಸೇವೆಯ ಮೇಲ್‌ಗಳು ಎಸ್‌ಪಿಎಫ್‌ನಲ್ಲಿ ಪಾಸು, ಡಿಮಾರ್ಕ್‌ನಲ್ಲಿ ಫೇಲು! ಎಸ್‌ಪಿಎಫ್ ನೋಡುವುದು ಓದುವವರಿಗೆ ಕಾಣುವ ಫ್ರಮ್ ವಿಳಾಸವನ್ನಲ್ಲ, ಬೌನ್ಸ್ ವಾಪಸ್ ಹೋಗುವ ರಿಟರ್ನ್‌ಪಾತ್ ವಿಳಾಸವನ್ನು. ಅಲ್ಲಿದ್ದದ್ದು ಆ ಸೇವೆಯದೇ ಡೊಮೇನ್. ಈ ಎರಡು ವಿಳಾಸಗಳ ಡೊಮೇನ್ ಹೊಂದದಿದ್ದರೆ ಆ ಪಾಸನ್ನು ಡಿಮಾರ್ಕ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರು ಕೊಟ್ಟ ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದರತ್ತ ತೋರಿಸುವ ಡಿಎನ್‌ಎಸ್ ರೆಕಾರ್ಡ್) ಹಾಕಿ, ನಮ್ಮ ಡೊಮೇನ್ ಹೆಸರಲ್ಲೇ ಡಿಕಿಮ್ ಸಹಿ ಮಾಡಿಸಿದ ಮೇಲೆ ಸರಿಹೋಯಿತು.

ಸೇಲ್ಸ್‌ನವರು ನ್ಯೂಸ್‌ಲೆಟರ್‌ಗೆ ಅಂತ ಇನ್ನೊಂದು ಎಸ್‌ಪಿಎಫ್ ರೆಕಾರ್ಡನ್ನೇ ಸೇರಿಸಿಸಿದ್ದರು. ಒಂದೇ ಹೆಸರಿಗೆ ಎರಡಿದ್ದರೆ ಎರಡೂ ಕೆಟ್ಟಂತೆ. ಒಂದರಲ್ಲೇ ಕೂಡಿಸೋಣವೆಂದರೆ ಡಿಎನ್‌ಎಸ್ ಹುಡುಕಾಟ 10 ದಾಟುವಂತಿಲ್ಲ, ಇನ್‌ಕ್ಲೂಡ್ (ಬೇರೆ ಡೊಮೇನಿನ ಪಟ್ಟಿಯನ್ನು ಸೇರಿಸಿಕೊಳ್ಳುವ ಭಾಗ) ಒಳಗಿನ ಇನ್‌ಕ್ಲೂಡೂ ಎಣಿಕೆಗೆ ಬರುತ್ತದೆ.

ನನ್ನನ್ನು ಕೇಳಿದರೆ ಹೆಚ್ಚು ಭಾರ ಡಿಕಿಮ್ ಮೇಲೇ ಹಾಕಿ. ಗ್ರಾಹಕರು ಮೇಲನ್ನು ಇನ್ನೊಂದು ಖಾತೆಗೆ ಫಾರ್ವರ್ಡ್ ಮಾಡಿಕೊಂಡಿದ್ದರೆ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತದೆ. ಒಳಗಿನ ಬರಹ ಬದಲಾಗದಿದ್ದರೆ ಡಿಕಿಮ್ ಉಳಿಯುತ್ತದೆ. 'ಪ್ರಿಂಟ್ ತೆಗೆಯುವ ಮುನ್ನ ಪರಿಸರ ನೆನೆಯಿರಿ' ಅಂತ ಅಡಿಟಿಪ್ಪಣಿ ಅಂಟಿಸುವ ಫಿಲ್ಟರ್ ಇದ್ದರೆ, ಅದು ಸಹಿಗೆ ಮೊದಲೇ ಓಡಲಿ. (ಅದನ್ನು ಯಾರೂ ಓದುವುದಿಲ್ಲ, ಆ ಮಾತು ಬೇರೆ.)

ಕೊನೆಗೆ ಉಳಿದದ್ದು ಬ್ರಾಂಚ್ ಆಫೀಸಿನ ಹಳೇ ಸ್ಕ್ಯಾನರ್. ನಮ್ಮ ಸರ್ವರ್ ಕೇಳುವ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನ) ಆವೃತ್ತಿ ಅದಕ್ಕೆ ಬರುವುದಿಲ್ಲ, ಹಾಗಾಗಿ ಇಂಟರ್ನೆಟ್ ಕೊಡುವವರ ರಿಲೇ (ಮೇಲ್ ದಾಟಿಸುವ ಸರ್ವರ್) ಮೂಲಕ ಕಳಿಸುತ್ತದೆ. ಅದಕ್ಕೊಂದು ಸಬ್‌ಡೊಮೇನ್ ಕೊಟ್ಟು, ಅದರದೇ ಡಿಮಾರ್ಕ್ ರೆಕಾರ್ಡ್‌ನಲ್ಲಿ 'ನನ್' ಉಳಿಸಿದೆವು. ಮುಖ್ಯ ಡೊಮೇನನ್ನು 'ಕ್ವಾರಂಟೈನ್'ಗೆ (ಫೇಲಾದರೆ ಸ್ಪ್ಯಾಮ್‌ಗೆ ಹಾಕಿ) ಏರಿಸಿದ್ದು ಅದಾದ ಮೇಲೆ.